ಮನೆಯಲ್ಲೇ ಬಣ್ಣ ಹಾಕಿದ ಉಣ್ಣೆಯಿಂದ ಪಟ್ಟೆಯ ಕಾಲುಚೀಲ: ಒಂದೊಂದು ಬಣ್ಣಕ್ಕೆ ಎಷ್ಟು ನೂಲು ಬಿಡಬೇಕು?

ಬಿಳಿನೂಲು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಒಂದೇ ಬಣ್ಣದ ಉಣ್ಣೆಯ ಕಾಲುಚೀಲ ಹೆಣೆಯುವುದು ನನಗೆ ಸಾಕಷ್ಟು ರೂಢಿಯಾಗಿದೆ. ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇರುವ, 100 ಗ್ರಾಮಿಗೆ ಸುಮಾರು 400 ಮೀಟರ್ ಬರುವ ತೆಳು ನೂಲಿನಲ್ಲಿ, 2.25 ಮಿಲಿಮೀಟರ್ ಕಡ್ಡಿಗಳ ಮೇಲೆ 64 ಕುಣಿಕೆ ಹಾಕಿ, ಮೇಲಿನ ಅಂಚಿನಿಂದ ಬೆರಳುಗಳ ಕಡೆಗೆ ಹೆಣೆಯುತ್ತೇನೆ. ಈಗ ಬಣ್ಣವಿಲ್ಲದ ನೂಲಿಗೆ ಮನೆಯಲ್ಲೇ ಮೂರು ಬಣ್ಣ ಹಾಕಿ, ಹೆಣೆಯುತ್ತ ಹೋದಂತೆ ಪಟ್ಟೆಗಳು ತಾವಾಗಿಯೇ ಒಂದಾದ ಮೇಲೊಂದು ಮೂಡುವಂತೆ ಮಾಡಬೇಕೆಂಬ ಆಸೆಯಾಗಿದೆ. ಲಡಿಯನ್ನು, ಅಂದರೆ ಬಳೆಯಂತೆ ಸುತ್ತಿದ ನೂಲಿನ ಕಟ್ಟನ್ನು, ಮೂರು ಭಾಗ ಮಾಡಿ ಮೂರು ಬಣ್ಣಗಳಲ್ಲಿ ಅದ್ದಿದರೆ ಸಾಕೇ, ಅಥವಾ ಪಟ್ಟೆಯ ಅಗಲಕ್ಕೆ ತಕ್ಕಂತೆ ನೂಲನ್ನು ಮೊದಲೇ ಅಳೆಯಬೇಕೇ? ಅರಿಶಿನ, ಮಂಜಿಷ್ಠ, ನೀಲಿಯಂಥ ಸಸ್ಯಮೂಲದ ಬಣ್ಣಗಳು ಈ ಕೆಲಸಕ್ಕೆ ಒದಗುತ್ತವೆಯೇ? ಹಿಮ್ಮಡಿಯ ಹತ್ತಿರ ಪಟ್ಟೆಗಳ ಅಗಲ ಕೆಡದಂತೆ ನೋಡಿಕೊಳ್ಳುವ ದಾರಿ ಯಾವುದು? ಎರಡು ಕಾಲಿನವೂ ಒಂದೇ ರೀತಿ ಕಾಣಬೇಕೆಂಬುದು ನನ್ನ ಮುಖ್ಯ ಅಪೇಕ್ಷೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಉದ್ದಲಡಿ:

ಅಳೆಯಲೇಬೇಕು. ಸಾಮಾನ್ಯ ಲಡಿಯ ಸುತ್ತಳತೆ ಒಂದೂವರೆಯಿಂದ ಎರಡು ಮೀಟರ್ ಇರುತ್ತದೆ. ಅದನ್ನು ಮೂರು ಭಾಗ ಮಾಡಿದರೆ ಒಂದೊಂದು ಬಣ್ಣಕ್ಕೆ ಸಿಗುವ ಉದ್ದ ಅರ್ಧ ಮೀಟರಿನ ಆಸುಪಾಸು ಮಾತ್ರ. ನಿಮ್ಮ 64 ಕುಣಿಕೆಗಳ ಒಂದು ಸುತ್ತೇ ಅದಕ್ಕಿಂತ ಹೆಚ್ಚು ನೂಲನ್ನು ನುಂಗುವುದರಿಂದ, ಪಟ್ಟೆಯಾಗುವ ಮೊದಲೇ ಬಣ್ಣ ಮುಗಿದು, ಕಾಲುಚೀಲದ ತುಂಬ ಚುಕ್ಕೆಗಳು ಅಥವಾ ಓರೆಯಾಗಿ ಹತ್ತುವ ಕಲೆಗಳು ಕಾಣುತ್ತವೆ. ಅದಕ್ಕೂ ಅದರದೇ ಆದ ಚೆಲುವಿದೆ, ಆದರೆ ನೀವು ಕೇಳುತ್ತಿರುವುದು ಅದನ್ನಲ್ಲ.

ಮೊದಲು ಇದೇ ನೂಲಿನಲ್ಲಿ, ಇದೇ ಕಡ್ಡಿಗಳಲ್ಲಿ ನಾಲ್ಕೈದು ಸೆಂಟಿಮೀಟರ್ ಸುತ್ತಾಗಿ ಹೆಣೆಯಿರಿ. ಒಂದು ಸುತ್ತಿನ ಆರಂಭದಲ್ಲಿ ನೂಲಿಗೆ ಬೇರೆ ಬಣ್ಣದ ದಾರದ ತುಣುಕನ್ನು ಕಟ್ಟಿ, ಹತ್ತು ಸುತ್ತು ಹೆಣೆದು, ಅಲ್ಲಿ ಇನ್ನೊಂದು ತುಣುಕು ಕಟ್ಟಿ, ಆಮೇಲೆ ಬಿಚ್ಚಿ ನಡುವಿನ ಉದ್ದವನ್ನು ಅಳೆಯಿರಿ. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುವುದರಿಂದ ಅದನ್ನು ಎಳೆದು ಹಿಗ್ಗಿಸದೆ, ಸುಕ್ಕು ಹೋಗುವಷ್ಟೇ ನೇರಮಾಡಿ ಅಳೆಯಬೇಕು. ಲೆಕ್ಕಕ್ಕೆ ಹತ್ತು ಸುತ್ತಿಗೆ ಏಳು ಮೀಟರ್, ಅಂದರೆ ಸುತ್ತಿಗೆ 70 ಸೆಂಟಿಮೀಟರ್ ಬಂತೆಂದು ಇಟ್ಟುಕೊಳ್ಳೋಣ. ಆರು ಸುತ್ತಿನ ಪಟ್ಟೆ ಬೇಕಾದರೆ ಒಂದು ಬಣ್ಣಕ್ಕೆ 4.2 ಮೀಟರ್, ಮೂರು ಬಣ್ಣ ಸೇರಿ 12.6 ಮೀಟರ್ ಸುತ್ತಳತೆಯ ಲಡಿ ಬೇಕು. ಈ ನೂಲಿನಲ್ಲಿ ಅಂಥ ಪಟ್ಟೆ ಸುಮಾರು ಒಂದೂವರೆ ಸೆಂಟಿಮೀಟರ್ ಅಗಲ ಬರುತ್ತದೆ.

ಇಷ್ಟು ದೊಡ್ಡ ಲಡಿ ಸುತ್ತಲು ಎರಡು ಕುರ್ಚಿಗಳನ್ನು 6.3 ಮೀಟರ್ ದೂರದಲ್ಲಿ ಬೆನ್ನುಮಾಡಿ ನಿಲ್ಲಿಸಿದರೆ ಸಾಕು. ಜಾಗ ಸಾಲದಿದ್ದರೆ ನಾಲ್ಕು ಕುರ್ಚಿಗಳನ್ನು ಚೌಕವಾಗಿ ನಿಲ್ಲಿಸಿ ಒಟ್ಟು ಸುತ್ತಳತೆಯನ್ನು ಅಷ್ಟಕ್ಕೇ ಹೊಂದಿಸಿ. ಕುರ್ಚಿ ಜರುಗದಂತೆ ಮೇಲೆ ಏನಾದರೂ ಭಾರ ಇಡಿ, ನೂಲನ್ನು ಬಿಗಿಯಾಗಿ ಎಳೆಯಬೇಡಿ. ಬಿಗಿಯಾಗಿ ಸುತ್ತಿದ ಉಣ್ಣೆ ಬಿಸಿನೀರು ಕಂಡ ಕೂಡಲೇ ಕುಗ್ಗುತ್ತದೆ, ಆಗ ನಿಮ್ಮ ಲೆಕ್ಕವೂ ಅದರೊಡನೆ ಕುಗ್ಗುತ್ತದೆ. 400 ಮೀಟರಿಗೆ 31 ಸುತ್ತು ತುಂಬಿ ಒಂದಿಷ್ಟು ಉಳಿಯುತ್ತದೆ. ಕುರ್ಚಿಯಿಂದ ತೆಗೆಯುವ ಮುನ್ನ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಮೂರೂ ಜಾಗಗಳಲ್ಲಿ ಹತ್ತಿಯ ದಾರವನ್ನು ಎಳೆಗಳ ನಡುವೆ ಎಂಟರ ಆಕಾರದಲ್ಲಿ ಹಾಯಿಸಿ ಸಡಿಲವಾಗಿ ಕಟ್ಟಿ. ಬಿಗಿದು ಕಟ್ಟಿದರೆ ಅದರ ಕೆಳಗೆ ಬಣ್ಣ ಇಳಿಯದೆ ಬಿಳಿ ಚುಕ್ಕೆ ಉಳಿಯುತ್ತದೆ. ನಡುನಡುವೆಯೂ ನಾಲ್ಕಾರು ಕಡೆ ಹೀಗೆ ಕಟ್ಟದಿದ್ದರೆ, ಇಷ್ಟುದ್ದದ ಲಡಿ ಒದ್ದೆಯಾದ ಮೇಲೆ ಗೋಜಲಾಗುತ್ತದೆ.

ಎರಡೂ ಕಾಲುಚೀಲ ಹೊಂದಬೇಕಾದರೆ, ಬಣ್ಣ ಹಾಕಿ ಒಣಗಿದ ನೂಲನ್ನು ತೂಗಿ ಎರಡು ಉಂಡೆ ಮಾಡಿ, ಎರಡರಲ್ಲೂ ಒಂದೇ ಬಣ್ಣದ ಆರಂಭದವರೆಗೆ ನೂಲನ್ನು ಬಿಚ್ಚಿಕೊಂಡು ಅಲ್ಲಿಂದಲೇ ಕುಣಿಕೆ ಹಾಕಿ. ಉಂಡೆ ಸುತ್ತುವಾಗ ಎರಡನ್ನೂ ಒಂದೇ ದಿಕ್ಕಿನಲ್ಲಿ ಬಳಸುವುದನ್ನು ಮರೆಯಬಾರದು. ಒಂದನ್ನು ಆ ತುದಿಯಿಂದ, ಇನ್ನೊಂದನ್ನು ಈ ತುದಿಯಿಂದ ಹೆಣೆದರೆ ಬಣ್ಣಗಳ ಸರದಿ ಉಲ್ಟಾ ಆಗುತ್ತದೆ.

ಬಣ್ಣದ ಪಾತ್ರೆ:

ಮೇಲಿನ ಅಳತೆಯ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ನಾನು ಬಣ್ಣದ ಬಗ್ಗೆ ಮಾತ್ರ ಬರೆಯುತ್ತೇನೆ.

ಉಣ್ಣೆಗೆ ಒಗ್ಗುವ ಆಮ್ಲವರ್ಣಗಳೇ ನೈಲಾನಿಗೂ ಒಗ್ಗುವುದರಿಂದ, ನಿಮ್ಮ ಮಿಶ್ರ ನೂಲಿಗೆ ಅವು ಸರಿಯಾಗಿ ಹೊಂದುತ್ತವೆ. ಈ ಬಣ್ಣಗಳಿಗೆ ಬೇಕಾದವು ಎರಡು: ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ಹುಳಿ, ಮತ್ತು ಸಾಕಷ್ಟು ಹೊತ್ತು ನಿಲ್ಲುವ ಬಿಸಿ. ನಡುಮಟ್ಟದ ಗಾಢತೆಗೆ ಒಣ ನೂಲಿನ ತೂಕದ ನೂರರಲ್ಲೊಂದು ಭಾಗ ಬಣ್ಣದ ಪುಡಿ ಸಾಕಾಗುತ್ತದೆ. ನಿಮ್ಮ ಲಡಿಯಲ್ಲಿ ಒಂದು ಬಣ್ಣದ ಪಾಲು 33 ಗ್ರಾಮಿನಷ್ಟಾದ್ದರಿಂದ, ಒಂದು ಗ್ರಾಮ್ ಪುಡಿಯನ್ನು 100 ಮಿಲಿಲೀಟರ್ ಬಿಸಿನೀರಿನಲ್ಲಿ ಕರಗಿಸಿಟ್ಟುಕೊಂಡು ಅದರಲ್ಲಿ ಮೂರನೇ ಒಂದು ಭಾಗ ಬಳಸಿದರಾಯಿತು. ಪುಡಿ ಗಾಳಿಯಲ್ಲಿ ಹಾರುತ್ತದೆ, ಆದ್ದರಿಂದ ಕರಗಿಸುವಾಗ ಮೂಗುಬಾಯಿ ಮುಚ್ಚಿಕೊಳ್ಳಿ. ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟುಗಳನ್ನು ಮತ್ತೆ ಅಡುಗೆಗೆ ತರಲೇಬಾರದು.

ಮೂರು ಬಣ್ಣಗಳನ್ನು ಒಂದೇ ಬಾರಿಗೆ ಹಾಕಲು ನಾನು ಮೆಚ್ಚಿಕೊಂಡಿರುವ ವಿಧಾನ ಹೀಗಿದೆ. ಲಡಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ದೊಡ್ಡ ಪಾತ್ರೆಯೊಂದರಲ್ಲಿ, ಬಿಸಿ ತಡೆಯುವ ಮೂರು ಗಾಜಿನ ಜಾಡಿಗಳನ್ನು ಒಂದು ಬಟ್ಟೆಯ ಮೇಲೆ ಒತ್ತಾಗಿ ನಿಲ್ಲಿಸಿ, ಒಂದೊಂದರಲ್ಲಿ ಒಂದೊಂದು ಬಣ್ಣದ ನೀರು ಮತ್ತು ಒಂದೆರಡು ಚಮಚ ವಿನೆಗರ್ ಹಾಕಿ. ನೆನೆದ ನೂಲನ್ನು ಮೃದುವಾಗಿ ಹಿಂಡಿ, ದಾರ ಕಟ್ಟಿದ ಗಡಿ ಸರಿಯಾಗಿ ಎರಡು ಜಾಡಿಗಳ ಅಂಚಿನ ಮೇಲೆ ಬರುವಂತೆ ಆಯಾ ಭಾಗವನ್ನು ಆಯಾ ಜಾಡಿಗೆ ಇಳಿಸಿ. ಜಾಡಿಯನ್ನು ಕಂಠದವರೆಗೆ ತುಂಬಿಸಬೇಡಿ, ಏಕೆಂದರೆ ಒದ್ದೆ ಉಣ್ಣೆ ಬಣ್ಣವನ್ನು ತಾನಾಗಿಯೇ ಮೇಲಕ್ಕೆ ಹೀರಿಕೊಂಡು ಪಕ್ಕದ ಜಾಡಿಗೆ ದಾಟಿಸುತ್ತದೆ. ಹಳದಿಯ ಪಕ್ಕ ನೀಲಿ ಇದ್ದರೆ ಗಡಿಯಲ್ಲಿ ಎರಡು ಬೆರಳಷ್ಟು ಹಸಿರು ಮೂಡುವುದುಂಟು. ಅದು ಪಟ್ಟೆಗೆ ಅಂದವನ್ನೇ ಕೊಡುತ್ತದೆಂಬುದು ನನ್ನ ಅನಿಸಿಕೆ. ನಂತರ ಹೊರಪಾತ್ರೆಗೆ ಜಾಡಿಗಳ ಅರ್ಧದವರೆಗೆ ನೀರು ಹಾಕಿ, ತಣ್ಣಗಿರುವಾಗಲೇ ಒಲೆಯ ಮೇಲಿಟ್ಟು ನಿಧಾನವಾಗಿ ಕಾಯಿಸಿ. ಬಿಸಿನೀರಿಗೆ ತಣ್ಣನೆಯ ಜಾಡಿ ಇಟ್ಟರೆ ಗಾಜು ಸೀಳುತ್ತದೆ. ಜಾಡಿಯೊಳಗಿನ ನೀರು 85ರಿಂದ 90 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ ಅರ್ಧ ಗಂಟೆ ಅದೇ ಬಿಸಿಯಲ್ಲಿಡಿ, ಕುದಿಸಬೇಡಿ, ಕದಡಬೇಡಿ. ಬಣ್ಣವೆಲ್ಲ ನೂಲಿಗೆ ಹತ್ತಿದಾಗ ಜಾಡಿಯ ನೀರು ತಿಳಿಯಾಗುತ್ತದೆ. ಅಚ್ಚ ಕೆಂಪು, ಕಪ್ಪು ಮತ್ತು ಆಕಾಶನೀಲಿಯಂಥ ಕೆಲವು ಬಣ್ಣಗಳು ಇನ್ನಷ್ಟು ಹೊತ್ತು ಕೇಳುತ್ತವೆ.

ಒಲೆ ಆರಿಸಿದ ಮೇಲೆ ನೂಲು ಅದೇ ನೀರಿನಲ್ಲಿ ಪೂರ್ತಿ ತಣ್ಣಗಾಗಲಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ಸೋಪು ಮತ್ತು ತಿಕ್ಕಾಟ ಕೂಡಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ನೂಲು ಗಂಟುಗಟ್ಟುತ್ತದೆ. ಯಂತ್ರದಲ್ಲಿ ಒಗೆಯಬಹುದೆಂದು ಮಾರುವ ಉಣ್ಣೆಯಲ್ಲಿ ಈ ಹುರುಪೆಗಳನ್ನು ಕ್ಲೋರಿನ್ನಿನಿಂದ ಸವೆಸಿ, ಮೇಲೆ ತೆಳುವಾದ ಲೇಪ ಕೊಟ್ಟಿರುವುದರಿಂದ ಆ ಭಯ ಕಡಿಮೆ. ಅದು ಬಣ್ಣವನ್ನೂ ಬೇಗ ಮತ್ತು ಗಾಢವಾಗಿ ಹೀರುತ್ತದೆ.

ಮಂಜಿಷ್ಠ:

ಸಸ್ಯಮೂಲದ ಬಣ್ಣಗಳ ಬಗ್ಗೆ ಕೇಳಿದ್ದೀರಿ. ಅವುಗಳ ಮೇಲೆ ನನಗೆ ಬಹಳ ಪ್ರೀತಿ ಇದ್ದರೂ, ಒಂದೇ ಲಡಿಯ ಮೇಲೆ ಮೂರನ್ನೂ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮಂಜಿಷ್ಠಕ್ಕೆ ನೂಲನ್ನು ಮೊದಲು ಅದರ ತೂಕದ ನೂರರಲ್ಲಿ 10ರಿಂದ 15 ಭಾಗ ಪಟಿಕದ ನೀರಿನಲ್ಲಿ ಕಾಯಿಸಿ ಹದಮಾಡಬೇಕು, ಆಮೇಲೆ ಬಣ್ಣದ ನೀರು 70 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು; ಬಿಸಿ ಹೆಚ್ಚಾದರೆ ಕೆಂಪು ಕಂದಿನ ಕಡೆಗೆ ವಾಲುತ್ತದೆ. ನೀಲಿಗೆ ಪಟಿಕವೇ ಬೇಡ, ಅದು ಕ್ಷಾರದ ತೊಟ್ಟಿಯಲ್ಲಿ ಅದ್ದಿ ಗಾಳಿಗೆ ಹಿಡಿದಾಗ ಮೂಡುವ ಬಣ್ಣ. ಆ ಕ್ಷಾರ ಹದಮೀರಿದರೆ ಉಣ್ಣೆಯೇ ಹಾಳಾಗುತ್ತದೆ. ಹೀಗೆ ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಹಿತ. ಅರಿಶಿನವಂತೂ ಬಿಸಿಲಿಗೆ ಬೇಗ ಮಾಸುತ್ತದೆ, ಕ್ಷಾರವಿರುವ ಸೋಪು ತಗುಲಿದರೆ ಕೆಂಪಾಗುತ್ತದೆ. ಮೇಲಿಂದ ಮೇಲೆ ಒಗೆಯಬೇಕಾದ ಕಾಲುಚೀಲಕ್ಕೆ ಅದು ತಕ್ಕುದಲ್ಲ.

ಆದ್ದರಿಂದ ಮೂರು ಚಿಕ್ಕ ಲಡಿಗಳಿಗೆ ಬೇರೆ ಬೇರೆಯಾಗಿ ಬಣ್ಣ ಹಾಕಿ, ಮೂರು ಉಂಡೆಗಳಿಂದ ಬದಲಿಸುತ್ತ ಹೆಣೆಯಿರಿ ಎಂಬುದು ನನ್ನ ಸಲಹೆ. ಆಗ ಅಳತೆಯ ಹಂಗಿಲ್ಲ, ಪಟ್ಟೆಯ ಅಗಲ ಎಲ್ಲೆಂದರಲ್ಲಿ ನಿಮ್ಮ ಕೈಯಲ್ಲೇ ಇರುತ್ತದೆ. ಸುತ್ತಾಗಿ ಹೆಣೆಯುವಾಗ ಬಣ್ಣ ಬದಲಾದ ಜಾಗದಲ್ಲಿ ಮೆಟ್ಟಿಲಿನಂತೆ ಕಾಣುವ ಏರುಪೇರನ್ನು ಹೀಗೆ ಅಡಗಿಸಬಹುದು: ಹೊಸ ಬಣ್ಣದ ಮೊದಲ ಸುತ್ತನ್ನು ಎಂದಿನಂತೆ ಹೆಣೆಯಿರಿ, ಎರಡನೆಯ ಸುತ್ತಿನ ಮೊದಲ ಕುಣಿಕೆಗೆ ಬಂದಾಗ, ಅದರ ಕೆಳಗಿರುವ ಹಳೆಯ ಬಣ್ಣದ ಕುಣಿಕೆಯ ಬಲಗಾಲನ್ನು ಎಡಗಡ್ಡಿಗೆ ಎತ್ತಿಕೊಂಡು ಎರಡನ್ನೂ ಕೂಡಿಸಿ ಹೆಣೆಯಿರಿ. ಬಿಟ್ಟ ಬಣ್ಣದ ನೂಲನ್ನು ಒಳಗಿನಿಂದ ಸಡಿಲವಾಗಿ ಮೇಲಕ್ಕೆ ಸಾಗಿಸಬಹುದು. ಪಟ್ಟೆ ಅಗಲವಾಗಿದ್ದರೆ ಕತ್ತರಿಸಿ, ತುದಿಗಳನ್ನು ಸೂಜಿಯಿಂದ ಒಳಬದಿಯಲ್ಲಿ ಹೊಲಿದು ಅಡಗಿಸಿ. ಗಂಟು ಹಾಕಿದರೆ ನಡೆಯುವಾಗ ಪಾದಕ್ಕೆ ಒತ್ತುತ್ತದೆ.

ಬಿಳಿನೂಲು:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಉದ್ದ ಲಡಿಯಲ್ಲಿ ಆಮ್ಲವರ್ಣಗಳನ್ನೇ ಹಾಕುವುದೆಂದು ತೀರ್ಮಾನಿಸಿದ್ದೇನೆ. ಮಂಜಿಷ್ಠದ ಕೆಂಪನ್ನು ಇನ್ನೊಂದು ಜೊತೆ ಕಾಲುಚೀಲಕ್ಕೆ ಇಟ್ಟುಕೊಳ್ಳುತ್ತೇನೆ. ಉಳಿದಿರುವುದು ಹಿಮ್ಮಡಿಯ ಪ್ರಶ್ನೆ. ಜೊತೆಗೆ, ಇದೇ ಲೆಕ್ಕದಲ್ಲಿ ಬಣ್ಣ ಹಾಕಿದ ನೂಲಿನಿಂದ ದೊಡ್ಡ ಪಾದದವರಿಗೆ 72 ಕುಣಿಕೆ ಹಾಕಿದರೆ ಪಟ್ಟೆ ಕೆಡುತ್ತದೆಯೇ?

ಉದ್ದಲಡಿ:

ಆರು ಸುತ್ತಿನ ಪಟ್ಟೆಯೆಂದರೆ 64ರಂತೆ 384 ಕುಣಿಕೆಗಳಿಗೆ ಸಾಕಾಗುವ ನೂಲು. ಈ ಅಂಕಿಯನ್ನು ಇಟ್ಟುಕೊಂಡರೆ ಎರಡೂ ಪ್ರಶ್ನೆಗಳು ಬಿಡಿಸಿಕೊಳ್ಳುತ್ತವೆ. 72 ಕುಣಿಕೆಗಳಲ್ಲಿ ಅದೇ ನೂಲು ಐದು ಸುತ್ತಿಗೆ ಸ್ವಲ್ಪ ಹೆಚ್ಚು ಬರುತ್ತದೆ. ಪಟ್ಟೆ ತುಸು ಸಣ್ಣದಾಗುತ್ತದೆಯೇ ಹೊರತು ಕೆಡುವುದಿಲ್ಲ. ಬಣ್ಣ ಬದಲಾಗುವ ಜಾಗ ಪ್ರತಿ ಪಟ್ಟೆಗೂ ಒಂದಿಷ್ಟು ಮುಂದೆ ಸರಿಯುತ್ತ ಕಾಲಿನ ಸುತ್ತ ತಿರುಗುತ್ತದೆ. ನನಗೆ ಅದೇ ಇಷ್ಟ, ಏಕೆಂದರೆ ಲೆಕ್ಕ ಕರಾರುವಾಕ್ಕಾಗಿ ಕೂಡಿದಾಗ ಬಣ್ಣದ ಗಡಿಗಳೆಲ್ಲ ಒಂದೇ ಸಾಲಿನಲ್ಲಿ ನಿಂತು ಗೆರೆ ಎಳೆದಂತೆ ಕಾಣುತ್ತವೆ.

ಇನ್ನು ಹಿಮ್ಮಡಿ. 32 ಕುಣಿಕೆಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಹೆಣೆಯುವ ಸಾಮಾನ್ಯ ಹಿಮ್ಮಡಿಯಲ್ಲಿ ಅದೇ 384 ಕುಣಿಕೆಗಳು ಹನ್ನೆರಡು ಸಾಲಾಗಿ, ಪಟ್ಟೆ ಎರಡರಷ್ಟು ಎತ್ತರವಾಗುತ್ತದೆ. ಅದರ ಬದಿಗಳಿಂದ ಕುಣಿಕೆ ಎತ್ತಿಕೊಂಡು ಸುತ್ತು 80 ಆದಾಗ ಐದು ಸುತ್ತೂ ತುಂಬುವುದಿಲ್ಲ. ಪಟ್ಟೆಗಳು ಕದಲಬಾರದೆಂದರೆ ಹೆಣಿಗೆ ಪುಸ್ತಕಗಳ ಲೇಖಕಿ ಎಲಿಜಬೆತ್ ಝಿಮ್ಮರ್‌ಮನ್ ಜನಪ್ರಿಯಗೊಳಿಸಿದ, ಹಿಮ್ಮಡಿಯನ್ನು ಕೊನೆಯಲ್ಲಿ ಕೂಡಿಸುವ ವಿಧಾನವೇ ಸೂಕ್ತ. ಹಿಮ್ಮಡಿ ಬರಬೇಕಾದ ಜಾಗದಲ್ಲಿ 32 ಕುಣಿಕೆಗಳನ್ನು ಬೇರೆ ಬಣ್ಣದ ತುಂಡು ನೂಲಿನಿಂದ ಹೆಣೆದು, ಆ ಕುಣಿಕೆಗಳನ್ನು ಎಡಗಡ್ಡಿಗೆ ಮರಳಿಸಿ, ಪಟ್ಟೆಯ ನೂಲಿನಿಂದ ಮತ್ತೊಮ್ಮೆ ಹೆಣೆದು ಬೆರಳಿನವರೆಗೂ ಕೊಳವೆಯಂತೆ ಮುಂದುವರಿಯಿರಿ. ಕೊನೆಗೆ ತುಂಡು ನೂಲನ್ನು ಒಂದೊಂದೇ ಕುಣಿಕೆಯಿಂದ ಬಿಡಿಸಿ, ಮೇಲಿನ 32 ಮತ್ತು ಕೆಳಗಿನ 32 ಕುಣಿಕೆಗಳನ್ನು ಕಡ್ಡಿಗೆ ತೆಗೆದುಕೊಳ್ಳಿ. ಎರಡೂ ಮೂಲೆಗಳಲ್ಲಿ ತೂತು ಬೀಳದಂತೆ ಒಂದೆರಡು ಕುಣಿಕೆ ಹೆಚ್ಚಾಗಿ ಎತ್ತಿಕೊಂಡು ಮುಂದಿನ ಸುತ್ತಿನಲ್ಲಿ ಕೂಡಿಸಿಬಿಡಿ.

ಈ ಹಿಮ್ಮಡಿಯ ಆಳ ಸ್ವಲ್ಪ ಕಡಿಮೆ ಎಂಬ ದೂರಿದೆ. ಪಾದದ ಮೇಲ್ಭಾಗ ಉಬ್ಬಿರುವವರಿಗೆ ಅದು ಬಿಗಿಯುತ್ತದೆ. ಅಂಥವರಿಗೆ ಕುಣಿಕೆ ಇಳಿಸುವ ಮುನ್ನ ಎರಡು ಮೂರು ಸುತ್ತು ಹಾಗೆಯೇ ಹೆಣೆದರೆ ಸರಿಹೋಗುತ್ತದೆ. ನಂತರ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ನಾಲ್ಕು ಕುಣಿಕೆ ಇಳಿಸುತ್ತ, 24 ಉಳಿದಾಗ ಸೂಜಿಯಿಂದ ಜೋಡಿಸಿ ಮುಗಿಸಿ. ಬೆರಳಿನ ತುದಿಯಲ್ಲೂ ಕುಣಿಕೆ ಕಡಿಮೆಯಾದಂತೆ ಪಟ್ಟೆ ಅಗಲವಾಗುತ್ತದೆ. ಹಾಗಾಗಿ ಉದ್ದ ಲಡಿ ಸುತ್ತುವ ಮುನ್ನವೇ 20 ಗ್ರಾಮಿನಷ್ಟು ನೂಲನ್ನು ತೆಗೆದಿಟ್ಟು ಅದಕ್ಕೆ ಮೂರರಲ್ಲಿ ಒಂದು ಬಣ್ಣವನ್ನು ಮಾತ್ರ ಹಾಕಿ, ಹಿಮ್ಮಡಿ ಮತ್ತು ಬೆರಳಿನ ತುದಿ ಎರಡಕ್ಕೂ ಅದನ್ನೇ ಬಳಸಿ. ಉಳಿದ 80 ಗ್ರಾಮಿನಲ್ಲಿ 320 ಮೀಟರ್, ಅಂದರೆ 25 ಸುತ್ತಿನ ಲಡಿ ಸಿಗುತ್ತದೆ. ಒಂದೊಂದು ಕಾಲುಚೀಲಕ್ಕೆ 36 ಪಟ್ಟೆಗಳಷ್ಟು ನೂಲಾಯಿತು, ಕಾಲಿಗೂ ಪಾದಕ್ಕೂ ಅದು ಧಾರಾಳವಾಗಿ ಸಾಕು.