ಫೀಸ್ ಒಂದನ್ನೇ ನೋಡಬೇಡ ಕಣೇ

ಹಲೋ, ಕೇಳಿಸುತ್ತಿದೆಯಾ? ಮೊದಲು ಕಳಿಸಿದ್ದು ಅರ್ಧಕ್ಕೇ ಕಟ್ ಆಯಿತು. ಬಟ್ಟೆ ಮಡಿಸುತ್ತಾ ಮಾತಾಡುತ್ತಿದ್ದೇನೆ, ಮಧ್ಯೆ ಮಧ್ಯೆ ಸದ್ದು ಬಂದರೆ ಬೈಯಬೇಡಿ. ಸ್ವಲ್ಪ ಉದ್ದ ಆಗುತ್ತದೆ. ಪುರಸೊತ್ತಿದ್ದಾಗ ಕೇಳಿ, ಬೇಕಾದರೆ ಒಂದೂವರೆ ಸ್ಪೀಡ್‌ನಲ್ಲಿ ಹಾಕಿಕೊಳ್ಳಿ.

ಪುಟ್ಟಿ, ಬೆಳಿಗ್ಗೆ ನೀನು ಕೇಳಿದ್ದೆಯಲ್ಲ, ಹೆರಿಗೆ ರಜೆ ಮುಗಿಯುವುದಕ್ಕೆ ಇನ್ನು ಎರಡೇ ತಿಂಗಳು, ಡೇಕೇರ್‌ನವರು ಹೇಳಿದ ಫೀಸ್ ನನ್ನ ಸಂಬಳದ 40 ಪರ್ಸೆಂಟ್, ಮನೆಗೇ ಬಂದು ನೋಡಿಕೊಳ್ಳುವವರು ಕೇಳುವುದು 60 ಪರ್ಸೆಂಟ್, ಯಾವುದು ಅಗ್ಗ ಅಂತ. ಅದಕ್ಕೆ ದೊಡ್ಡಮ್ಮ "ಅಷ್ಟೆಲ್ಲ ಕೊಡುವ ಬದಲು ಕೆಲಸ ಬಿಟ್ಟು ಮನೆಯಲ್ಲಿರು" ಅಂದರು. ಎರಡಕ್ಕೂ ಸೇರಿಸಿ ಹೇಳುತ್ತೇನೆ. ದೊಡ್ಡಮ್ಮ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮಾತಿಗೂ ಆಮೇಲೆ ಬರುತ್ತೇನೆ.

ಈ ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಊರು, ಒಂದೊಂದು ದುಡ್ಡು. ಹಾಗಾಗಿ ಹಣದ ಹೆಸರೇ ಬೇಡ. ನಿನ್ನ ತಿಂಗಳ ಸಂಬಳ 100 ಅಂತ ಇಟ್ಟುಕೋ. ಡೇಕೇರ್ 40, ಮನೆಗೆ ಬರುವವರು 60. ವರ್ಷಕ್ಕೆ 480 ಮತ್ತು 720. ಇಷ್ಟು ನೋಡಿದರೆ ಡೇಕೇರ್ ಅಗ್ಗ, ಮುಗಿಯಿತು ಅಲ್ವಾ? ನಾನೂ ಮೊದಲ ಮಗುವಿಗೆ ಹೀಗೇ ಲೆಕ್ಕ ಹಾಕಿ ಸಿಕ್ಕಿಬಿದ್ದೆ.

ನಾನು ಮರೆತದ್ದು ಯಾರೂ ನೋಡಿಕೊಳ್ಳದ ದಿನಗಳನ್ನು. ಡೇಕೇರ್‌ಗೆ ಸೇರಿಸಿ ಮೂರನೇ ವಾರ, ಬೆಳಿಗ್ಗೆ 11.20ಕ್ಕೆ ಫೋನ್ ಬಂತು. ಮೀಟಿಂಗ್‌ನಲ್ಲಿದ್ದೆ. "ಜ್ವರ 38 ದಾಟಿದೆ, ಬಂದು ಕರೆದುಕೊಂಡು ಹೋಗಿ" ಅಂದರು. ಹೋಗುವಷ್ಟರಲ್ಲಿ ಮಗು ಬಾಗಿಲ ಹತ್ತಿರದ ಪುಟ್ಟ ಕುರ್ಚಿಯಲ್ಲಿ ಬ್ಯಾಗ್ ಹಾಕಿಕೊಂಡು, ಶೂಸ್ ಹಾಕಿಕೊಂಡು ಕೂತಿತ್ತು. ಕೆನ್ನೆ ಕೆಂಪಗಾಗಿತ್ತು. ಜ್ವರ ಬಿಟ್ಟು 24 ಗಂಟೆ ಆಗುವ ತನಕ ಕಳಿಸುವ ಹಾಗಿಲ್ಲ ಅಂತ ಅವರ ನಿಯಮ. ನಿಯಮ ಸರಿಯೇ, ಬೇರೆ ಮಕ್ಕಳಿಗೂ ಅಂಟಬಾರದಲ್ಲ. ಆದರೆ ಆ ದಿನವೂ ಹೋಯಿತು, ಮಾರನೇ ದಿನವೂ ಹೋಯಿತು. ಫೀಸ್ ಮಾತ್ರ ಒಂದು ಪೈಸೆ ಕಮ್ಮಿ ಆಗಲಿಲ್ಲ. ಬಾರದ ದಿನಕ್ಕೂ ಕೊಡಬೇಕು, ಯಾಕೆಂದರೆ ನಾವು ಕೊಡುವುದು ಜಾಗ ಹಿಡಿದಿಟ್ಟಿದ್ದಕ್ಕೆ.

ಸಣ್ಣ ಮಕ್ಕಳಿಗೆ ವರ್ಷಕ್ಕೆ 6 ರಿಂದ 8 ಸಲ ನೆಗಡಿ ಬರುವುದು ಮಾಮೂಲಿ. ಡೇಕೇರ್‌ನ ಮೊದಲ ವರ್ಷ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ನಿನಗೆ ಹೇಳಬೇಕು ಅಂತಲೇ ಇವತ್ತು ಹಳೇ ಡೈರಿ ತೆಗೆದು ಎಣಿಸಿದೆ. ಮೊದಲ ವರ್ಷ ಮಗುವಿಗೆ ಹುಷಾರಿಲ್ಲ ಅಂತ ಮನೆಯಲ್ಲಿ ಉಳಿದದ್ದು 23 ದಿನ. ಆಫೀಸ್ ಇದ್ದು ಡೇಕೇರ್ ಮುಚ್ಚಿದ್ದು 12 ದಿನ. ಒಟ್ಟು 35. ಅದರಲ್ಲಿ ನಾನೂ ನಿನ್ನ ಭಾವನೂ ಸೇರಿ 15 ದಿನ ರಜೆ ಹಾಕಿದೆವು. ಉಳಿದ 20 ದಿನದ ಸಂಬಳ ಖೋತಾ.

ಈಗ ನಿನ್ನ 100ಕ್ಕೆ ಬಾ. ವರ್ಷಕ್ಕೆ ಸುಮಾರು 260 ಕೆಲಸದ ದಿನ, ಅಂದರೆ ಒಂದು ದಿನದ ಸಂಬಳ 4.6. 20 ದಿನಕ್ಕೆ 92. ಸೇರಿಸುವಾಗಿನ ಶುಲ್ಕ 20 ಇರಲಿ, ಲೇಟಾಗಿದ್ದಕ್ಕೆ ಕಟ್ಟಿದ್ದು ಮತ್ತೆ ಅದೂ ಇದೂ ಅಂತ ಇನ್ನೊಂದು 20. ನಿನ್ನ 480 ಈಗ 612 ಆಯಿತು.

ಆ ಲೇಟ್ ಫೀಸ್ ಬಗ್ಗೆ ಒಂದು ಮಾತು. ನಾನು ಆಫೀಸ್ ಟೈಮ್ ಮಾತ್ರ ನೋಡಿದ್ದೆ. ಲೆಕ್ಕ ಹಾಕಬೇಕಾದ್ದು ಮನೆ ಬಾಗಿಲು ದಾಟಿದ ಹೊತ್ತಿನಿಂದ ಡೇಕೇರ್ ಬಾಗಿಲಿಗೆ ವಾಪಸ್ ಬರುವ ತನಕ. 9 ಗಂಟೆ ಕೆಲಸ, ಹೋಗಿ ಬರುವುದಕ್ಕೆ 2 ಗಂಟೆ ಅಂದರೆ 11 ಗಂಟೆ. ಡೇಕೇರ್ ತೆರೆದಿರುವುದು 10 ಗಂಟೆ ಆದರೆ ದಿನಾ ಓಟ. ನಮ್ಮಲ್ಲಿ ಬಾಗಿಲ ಹತ್ತಿರ ಒಂದು ರಿಜಿಸ್ಟರ್ ಇತ್ತು, ಬಂದ ಟೈಮ್ ಬರೆದು ಸಹಿ ಹಾಕಬೇಕು. 6.30ರ ಮೇಲೆ ಪ್ರತಿ 15 ನಿಮಿಷಕ್ಕೆ ಇಷ್ಟು ಅಂತ. ಆ ಪುಸ್ತಕದಲ್ಲಿ ನನ್ನ ಸಹಿಯೇ ಎಲ್ಲರಿಗಿಂತ ಜಾಸ್ತಿ ಇತ್ತು. ನಗಬೇಡ.

ಸರಿ, ಮನೆಗೆ ಬರುವವರ ಲೆಕ್ಕ. 720 ಇತ್ತಲ್ಲ, ಅದಕ್ಕೆ ವರ್ಷಕ್ಕೊಮ್ಮೆ ಒಂದು ತಿಂಗಳ ಸಂಬಳ ಜಾಸ್ತಿ ಸೇರಿಸು, 780. ಮಗುವಿಗೆ ಸಣ್ಣ ಜ್ವರ ಬಂದರೂ ಅವರು ಬರುತ್ತಾರೆ, ಅದೇ ದೊಡ್ಡ ಅನುಕೂಲ. ಆದರೆ ಅವರಿಗೂ ರಜೆ ಬೇಕು, ಅವರ ಮನೆಯಲ್ಲೂ ಮಕ್ಕಳಿಗೆ ಜ್ವರ ಬರುತ್ತದೆ. ವಾರದ ರಜೆ ಬಿಟ್ಟು 18 ದಿನ ಅಂತ ಹಿಡಿ, ಆ ದಿನಗಳಿಗೂ ಸಂಬಳ ಹಿಡಿಯಬೇಡ. ಅದರಲ್ಲಿ 15 ನಿಮ್ಮ ರಜೆಯಲ್ಲಿ ಹೋಗುತ್ತದೆ, 3 ದಿನಕ್ಕೆ 14. ಒಟ್ಟು 794. ನೋಡು, 240ರ ವ್ಯತ್ಯಾಸ 182ಕ್ಕೆ ಇಳಿಯಿತು. ಡೇಕೇರ್ ಇನ್ನೂ ಅಗ್ಗವೇ, ನಾನು ಇಲ್ಲ ಅನ್ನುವುದಿಲ್ಲ.

ಎರಡನೇ ಮಗು ಬಂದಾಗ ಲೆಕ್ಕ ತಿರುಗಿ ಬೀಳುತ್ತದೆ. ಡೇಕೇರ್‌ನಲ್ಲಿ ತಲೆಗೆ ಇಷ್ಟು. ಎರಡನೇ ಮಗುವಿಗೆ 10 ಪರ್ಸೆಂಟ್ ಬಿಟ್ಟರೂ 432, ಶುಲ್ಕ 20, ಮೊದಲಿನ 612 ಸೇರಿಸಿ ಒಟ್ಟು 1064. ಮನೆಗೆ ಬರುವವರು ಎರಡನೇ ಮಗುವಿಗೆ ಅಂತ ತಿಂಗಳಿಗೆ 15 ಜಾಸ್ತಿ ಕೇಳಿದರೂ ವರ್ಷಕ್ಕೆ 180, ಮೊದಲಿನ 794 ಸೇರಿಸಿ ಒಟ್ಟು 974. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಈಗಲೇ ಎರಡನೇದರ ಮಾತು ಯಾಕೆ ಅಂತ ಮುಖ ಸಿಂಡರಿಸಬೇಡ, ಸುಮ್ನೆ ಹೇಳಿದೆ.

ಇನ್ನೊಂದು, ಈ 40 ಯಾವಾಗಲೂ 40 ಇರುವುದಿಲ್ಲ. ಒಳ್ಳೆ ಜಾಗಗಳಲ್ಲಿ ಕೂಸುಗಳಾದರೆ ಮೂರು ನಾಲ್ಕಕ್ಕೆ ಒಬ್ಬರು ಇರುತ್ತಾರೆ. ಮೂರು ವರ್ಷ ದಾಟಿದ ಮಕ್ಕಳಿಗೆ ಎಂಟು ಹತ್ತಕ್ಕೆ ಒಬ್ಬರು ಸಾಕು. ಡೇಕೇರ್‌ನ ಖರ್ಚಿನಲ್ಲಿ ದೊಡ್ಡ ಪಾಲು ನೋಡಿಕೊಳ್ಳುವವರ ಸಂಬಳವೇ, ಅದಕ್ಕೇ ಕೂಸಿನ ಫೀಸ್ ಎಲ್ಲಕ್ಕಿಂತ ಜಾಸ್ತಿ. ಮಗು ದೊಡ್ಡದಾದ ಹಾಗೆ ಇಳಿಯುತ್ತದೆ. ಯಾರಾದರೂ ಕೂಸಿಗೆ ತೀರಾ ಕಮ್ಮಿ ಹೇಳಿದರೆ ಖುಷಿಪಡಬೇಡ, ಒಬ್ಬರಿಗೆ ಎಷ್ಟು ಮಕ್ಕಳು ಅಂತ ಕೇಳು.

ಇಬ್ಬರು ಸೇರಿ ಒಬ್ಬರನ್ನು ಇಟ್ಟುಕೊಳ್ಳುವುದನ್ನೂ ಮಾಡಿ ನೋಡಿದ್ದೇವೆ. ಪಕ್ಕದ ಮನೆಯವರೂ ನಾವೂ ಸಂಬಳ ಅರ್ಧರ್ಧ ಹಂಚಿಕೊಂಡೆವು. ಏಳು ತಿಂಗಳು ಚೆನ್ನಾಗಿತ್ತು. ಆಮೇಲೆ ಅವರಿಗೆ ಟ್ರಾನ್ಸ್‌ಫರ್ ಆಯಿತು, ಎರಡು ವಾರದಲ್ಲಿ ಮನೆ ಖಾಲಿ ಮಾಡಿದರು, ಪೂರ್ತಿ ಸಂಬಳ ನಮ್ಮ ತಲೆಗೆ ಬಂತು. ಬಿಡುವವರು ಎಷ್ಟು ದಿನ ಮೊದಲು ಹೇಳಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರೂ ಸಾಕಿತ್ತು.

ತಮ್ಮ ಮನೆಯಲ್ಲೇ ಮೂರು ನಾಲ್ಕು ಮಕ್ಕಳನ್ನು ನೋಡಿಕೊಳ್ಳುವವರು ಸಿಕ್ಕರೆ ಸಾಮಾನ್ಯವಾಗಿ ಕಮ್ಮಿಗೆ ಆಗುತ್ತದೆ. ಅವರಿಗೇ ಹುಷಾರಿಲ್ಲದ ದಿನ ಯಾರು ಅಂತ ಕೇಳಿಕೋ, ಅಷ್ಟೇ.

ಅಜ್ಜಿ ತಾತ ನೋಡಿಕೊಂಡರೆ ಖರ್ಚೇ ಇಲ್ಲ ಅಂತ ಚಿಕ್ಕಪ್ಪ ಬರೆದಿದ್ದಾರೆ. ಚಿಕ್ಕಪ್ಪ, ವರ್ಷದ ಮಗು 9-10 ಕೆ.ಜಿ. ತೂಗುತ್ತದೆ. ನೆಲದಿಂದ ಎತ್ತಿ, ಮಂಚಕ್ಕೆ ಹಾಕಿ, ಮತ್ತೆ ಎತ್ತಿ, ದಿನಕ್ಕೆ ಎಷ್ಟು ಸಲ ಅಂತ ನೀವೇ ಎಣಿಸಿ. ಚಿಕ್ಕಮ್ಮನ ಮಂಡಿ ನಿಮಗೆ ಗೊತ್ತಿಲ್ಲದ್ದೇನಲ್ಲ. ಎರಡು ದಿನ ಅಜ್ಜಿ, ಮೂರು ದಿನ ಡೇಕೇರ್ ಅಂತ ಮಾಡಬಹುದು. ಆದರೆ ಮೂರು ದಿನಕ್ಕೆ ಫೀಸ್ ಐದರಲ್ಲಿ ಮೂರು ಪಾಲೇ ಬರುತ್ತದೆ ಅಂದುಕೊಳ್ಳಬೇಡ ಪುಟ್ಟಿ, ಮೊದಲು ಕೇಳು.

ಈಗ ದೊಡ್ಡಮ್ಮನ ಮಾತು. ಕೆಲಸ ಬಿಟ್ಟರೆ 612 ಉಳಿಯುತ್ತದೆ, 1200 ಹೋಗುತ್ತದೆ. ಓಡಾಟದ ಖರ್ಚು, ತೆರಿಗೆ ಎಲ್ಲ ಕಳೆದರೆ ವ್ಯತ್ಯಾಸ ಸ್ವಲ್ಪ ಕಮ್ಮಿ ಆಗಬಹುದು. ಆದರೆ ಮೂರು ವರ್ಷ ಬಿಟ್ಟೆ ಅಂತ ಇಟ್ಟುಕೋ. ವರ್ಷಕ್ಕೆ 8 ಪರ್ಸೆಂಟ್ ಏರಿದ್ದರೂ ನಿನ್ನ 100 ಆಗ 126 ಆಗಿರುತ್ತಿತ್ತು. ವಾಪಸ್ ಬಂದಾಗ ಅದೇ 100 ಸಿಕ್ಕರೆ ನಿನ್ನ ಪುಣ್ಯ. ಆ 26 ಒಂದು ತಿಂಗಳಿಗಲ್ಲ, ಮುಂದೆ ತಿಂಗಳು ತಿಂಗಳೂ ಕಮ್ಮಿ. ಮುಪ್ಪಿನ ಕಾಲಕ್ಕೆ ಅಂತ ಸಂಬಳದಿಂದ ಕಟ್ಟುವ ಹಣವೂ ಅಷ್ಟು ವರ್ಷ ನಿಲ್ಲುತ್ತದೆ. ನಿನಗೇ ಮಗುವಿನ ಜೊತೆ ಇರಬೇಕು ಅನಿಸಿದರೆ ಇರು, ಯಾರೂ ಏನೂ ಅನ್ನುವುದಿಲ್ಲ. ಅದಕ್ಕೆ ಫೀಸಿನ ನೆಪ ಬೇಡ ಅಷ್ಟೇ. ಅವಳಿ ಮಕ್ಕಳಾಗಿ ಫೀಸ್ ಸಂಬಳಕ್ಕಿಂತ ಮೇಲೆ ಹೋದರೆ ಆ ಮಾತೇ ಬೇರೆ.

ಮತ್ತೆ, ನೀವೆಲ್ಲ ಯಾಕೆ ಇವಳ ಸಂಬಳದಿಂದಲೇ ಫೀಸ್ ಕಳೆಯುತ್ತಿದ್ದೀರಿ? ಬೆಳಿಗ್ಗೆಯಿಂದ ನೋಡುತ್ತಿದ್ದೇನೆ, ಪುಟ್ಟಿ ನೀನೂ ಅದನ್ನೇ ಮಾಡಿದ್ದೀಯ. ಮಗು ಇಬ್ಬರದು ತಾನೇ? ನಿನ್ನ ಗಂಡನಿಗೆ 140 ಬರುತ್ತದೆ ಅಂತ ಇಟ್ಟುಕೋ. ಮನೆಗೆ ಬರುವುದು 240. ಅದರಲ್ಲಿ 40 ಅಂದರೆ ಆರರಲ್ಲಿ ಒಂದು ಪಾಲು. ಅವರೂ ಈ ಗುಂಪಿನಲ್ಲಿ ಇದ್ದಾರಲ್ಲ, ಕೇಳಿಸಿಕೊಳ್ಳಲಿ. 11.20ರ ಫೋನ್ ಅವರಿಗೂ ಬರಲಿ, ನಂಬರ್ ಇಬ್ಬರದೂ ಕೊಡು. ನಮ್ಮ ಫಾರ್ಮ್‌ನಲ್ಲಿ ನನ್ನದು ಮಾತ್ರ ಇತ್ತು, ಒಂದು ವರ್ಷ ಆದಮೇಲೆ ಬದಲಾಯಿಸಿದೆ.

ಅಯ್ಯೋ, ಬಟ್ಟೆ ಮುಗಿಯಿತು, ಮಾತು ಮುಗಿಯಲಿಲ್ಲ. ಪುಟ್ಟಿ, ಡೇಕೇರ್‌ನವರು ಕೊಟ್ಟ ಹಾಳೆಯ ಫೋಟೋ ಕಳಿಸು. ಮುಂದಿನ ಪುಟ ಮಾತ್ರ ಸಾಲದು, ಹಿಂದೆ ಸಣ್ಣಕ್ಷರದಲ್ಲಿ ಇದೆಯಲ್ಲ, ಡಿಪಾಸಿಟ್ ಯಾವಾಗ ವಾಪಸ್, ಬಿಡುವಾಗ ಎಷ್ಟು ತಿಂಗಳು ಮೊದಲು ಹೇಳಬೇಕು ಅಂತ, ಅದೂ ಬೇಕು. ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡಿ ಹೇಳುತ್ತೇನೆ.