ವಿಕ್ಟೋರಿಯಾ ಸರೋವರದಲ್ಲಿ ಈಜಿದ್ದ ತಮ್ಮನಿಗೆ ಸೊಂಟನೋವು, ಕಾಲು ಜೋಮು: ಬರೀ ಡಿಸ್ಕ್ ತೊಂದರೆನಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮ ಟಾಂಜಾನಿಯಾದ ಮ್ವಾಂಜಾದಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ದಾವಣಗೆರೆಗೆ ಬಂದಿದ್ದಾನೆ. ಹತ್ತು ದಿನದಿಂದ ಸೊಂಟನೋವು, ಎರಡೂ ಕಾಲಿಗೆ ಇಳಿಯುತ್ತದೆ. ಪಾದ ಜೋಮು ಹಿಡಿದ ಹಾಗಿದೆ. ನಿನ್ನೆಯಿಂದ ಮೂತ್ರವೂ ಸಲೀಸಾಗಿ ಬರುತ್ತಿಲ್ಲ. ಇಲ್ಲಿ ಡಿಸ್ಕ್ ಇರಬೇಕು ಅಂತ ನೋವಿನ ಮಾತ್ರೆ ಕೊಟ್ಟಿದ್ದಾರೆ. ಅಲ್ಲಿ ಭಾನುವಾರ ಬಂದರೆ ವಿಕ್ಟೋರಿಯಾ ಸರೋವರದಲ್ಲಿ ಈಜುತ್ತಿದ್ದನಂತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ (ನರರೋಗ ವೈದ್ಯ): ಇರಬಹುದಮ್ಮ. ಆದರೆ ಮೊದಲು ಒಂದು ಮಾತು. ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದು ಮೂತ್ರವೂ ಕಟ್ಟುತ್ತಿದ್ದರೆ, ಕಾರಣ ಯಾವುದೇ ಇರಲಿ, ಕಾಯಬಾರದು. ನರರೋಗ ತಜ್ಞರು, ಎಂಆರ್‌ಐ ಎರಡೂ ಇರುವ ಆಸ್ಪತ್ರೆಗೆ ಇವತ್ತೇ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ಆ ಸರೋವರದ ದಡದಲ್ಲಿ ಸಿಸ್ಟೊಸೋಮಾ ಎಂಬ ಹುಳದ ಕಾಟ ಜಾಸ್ತಿ. ಅದರ ಮರಿಗಳು ಸಿಹಿನೀರಿನ ಬಸವನಹುಳುವಿನೊಳಗೆ ಬೆಳೆದು ನೀರಿಗೆ ಬರುತ್ತವೆ. ನೀರಿಗಿಳಿದವರ ಚರ್ಮ ತೂರಿ ಮೈಯೊಳಗೆ ಹೋಗುತ್ತವೆ. ಗಾಯವೇ ಇರಬೇಕಿಲ್ಲ. ಬೆಳೆದ ಹುಳ ಕರುಳಿನ ಸುತ್ತಲ ರಕ್ತನಾಳಗಳಲ್ಲಿ ಮೊಟ್ಟೆ ಇಡುತ್ತದೆ. ಆ ನಾಳಗಳಿಗೂ ಬೆನ್ನುಹುರಿಯ ಸುತ್ತಲ ನಾಳಗಳಿಗೂ ಸಂಪರ್ಕ ಇದೆ. ಒಮ್ಮೊಮ್ಮೆ ಮೊಟ್ಟೆಗಳು ಅಲ್ಲಿಗೆ ಹೋಗಿ ಸಿಕ್ಕಿಕೊಂಡು ಊತ ತರುತ್ತವೆ. ಹೆಚ್ಚಾಗಿ ಬೆನ್ನುಹುರಿಯ ಕೆಳತುದಿಯಲ್ಲೇ. ಕಾಲಿಗೂ ಮೂತ್ರಕ್ಕೂ ಹೋಗುವ ನರಗಳು ಇರುವುದು ಅಲ್ಲೇ ಅಲ್ವಾ?

ಈಜಿ ತಿಂಗಳುಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು. ನಮ್ಮ ಕಡೆ ಇಂಥ ರೋಗಿಗಳು ಬಲು ಅಪರೂಪ. ಡಿಸ್ಕ್, ಬೆನ್ನಿನ ಟಿಬಿ ನೆನಪಾಗುವಷ್ಟು ಬೇಗ ಇದು ಯಾವ ಡಾಕ್ಟರಿಗೂ ನೆನಪಾಗುವುದಿಲ್ಲ. ಹಾಗಾಗಿ ಸರೋವರದ ಮಾತನ್ನು ಅವರು ಕೇಳುವ ಮುಂಚೆ ನೀವೇ ಹೇಳಿ. ಯಾವ ನೀರು, ಯಾವಾಗ, ಎಷ್ಟು ಸಲ, ಆಮೇಲೆ ಜ್ವರ ಅಥವಾ ಮೈ ತುರಿಕೆ ಬಂದಿತ್ತಾ, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಪ್ರಶ್ನೆ: ಮಲ ಪರೀಕ್ಷೆ ಆಗಿದೆ ಡಾಕ್ಟ್ರೇ, ಮೊಟ್ಟೆ ಕಾಣಲಿಲ್ಲ. ಮನೆಯಲ್ಲಿ ಜಂತುಹುಳದ ಮಾತ್ರೆ ಆಲ್ಬೆಂಡಜೋಲ್ ಇದೆ, ಕೊಡಲಾ?

ಉತ್ತರ: ಬೇಡ. ಈ ಹುಳಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಬೇರೆ ಔಷಧಿ ಬೇಕು. ಬೆನ್ನುಹುರಿಯಲ್ಲಿ ಊತ ಇದ್ದರೆ ಸ್ಟೀರಾಯ್ಡ್ ಕೂಡ ಬೇಕಾಗುತ್ತದೆ. ಎರಡನ್ನೂ ಯಾವಾಗ, ಎಷ್ಟು ಕೊಡಬೇಕೆಂದು ಆಸ್ಪತ್ರೆಯಲ್ಲೇ ತೀರ್ಮಾನವಾಗಬೇಕು. ಬೇಗ ಶುರುವಾದರೆ ಕಾಲಿನ ಬಲ ಎಷ್ಟೋ ಮಟ್ಟಿಗೆ ವಾಪಸ್ ಬರುತ್ತದೆ. ತಡವಾದರೆ ಊನ ಹಾಗೇ ಉಳಿಯಬಹುದು.

ಮಲದಲ್ಲಿ ಮೊಟ್ಟೆ ಇಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಬೆನ್ನುಹುರಿಯ ಕಾಯಿಲೆ ಇರುವ ಎಷ್ಟೋ ಜನರಲ್ಲಿ ಅದು ಸಿಗುವುದೇ ಇಲ್ಲ. ರಕ್ತದ ಪ್ರತಿಕಾಯ ಪರೀಕ್ಷೆಯೂ ಸೋಂಕು ತಗುಲಿದ ಮೊದಲ 6ರಿಂದ 12 ವಾರ ನೆಗೆಟಿವ್ ಬರಬಹುದು. ಎಂಆರ್‌ಐ, ಬೆನ್ನಿನ ನೀರಿನ ಪರೀಕ್ಷೆ, ಈಜಿದ ವಿವರ, ಎಲ್ಲ ಒಟ್ಟಿಗೆ ಇಟ್ಟು ನೋಡಬೇಕು.

ಪ್ರಶ್ನೆ: ಹೊರಟಿದ್ದೇವೆ ಡಾಕ್ಟ್ರೇ. ಅವನ ಜೊತೆ ಈಜಿದ ಗೆಳೆಯರು ಆರಾಮಾಗಿದ್ದಾರೆ. ಅವರಿಗೂ ಹೇಳಬೇಕಾ?

ಉತ್ತರ: ಖಂಡಿತ ಹೇಳಿ. 1992ರಲ್ಲಿ ಮಲಾವಿ ಸರೋವರದಲ್ಲಿ ಈಜಿದ್ದ ಇಬ್ಬರು ಅಮೆರಿಕನ್ ಸ್ವಯಂಸೇವಕರಿಗೆ ಸಿಸ್ಟೊಸೋಮಾ ಗುಂಪಿನ ಹುಳದಿಂದಲೇ ನರಮಂಡಲದ ಕಾಯಿಲೆ ಬಂತು. ಆಮೇಲೆ ಅಲ್ಲಿದ್ದ ವಿದೇಶಿಯರ ರಕ್ತ ಪರೀಕ್ಷಿಸಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಸೋಂಕಿನ ಗುರುತು ಸಿಕ್ಕಿತು. ಒಬ್ಬರಿಂದೊಬ್ಬರಿಗೆ ಇದು ಅಂಟುವುದಿಲ್ಲ, ಮನೆಯವರು ಹೆದರಬೇಡಿ. ಎಂಆರ್‌ಐ ಆದ ತಕ್ಷಣ ರಿಪೋರ್ಟ್ ಇಲ್ಲಿ ಹಾಕಿ, ಹೆಸರು ಮರೆಮಾಡಿ. ರಾತ್ರಿ ಎಷ್ಟು ಹೊತ್ತಾದರೂ ನೋಡುತ್ತೇನೆ.