ಟ್ರಿಗರ್, ಟಾಸ್ಕ್ ಮತ್ತು ‘ಮುಗಿದ ಕೂಡಲೇ’: ಏನೆಂದು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಟ್ರೆಲೊ, ಟುಡೂಯಿಸ್ಟ್ ಥರದ ಕೆಲಸದ ಪಟ್ಟಿಯ ಆ್ಯಪ್‌ಗಳನ್ನು ಝ್ಯಾಪಿಯರ್‌ಗೆ (ಒಂದು ಆ್ಯಪ್‌ನಲ್ಲಿ ಏನಾದರೂ ಆದಾಗ ಇನ್ನೊಂದರಲ್ಲಿ ತಾನಾಗಿಯೇ ಕೆಲಸ ಮಾಡಿಸುವ ಸೇವೆ) ಜೋಡಿಸುವ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಜೋಡಿಸುವುದು ಸುಲಭ, ಪದಗಳದ್ದೇ ಪೇಚಾಟ.

ಮೊದಲು ‘ಟಾಸ್ಕ್’. ಪಟ್ಟಿಯ ಆ್ಯಪ್‌ನಲ್ಲಿ ಟಾಸ್ಕ್ ಎಂದರೆ ನಾವು ಮಾಡಬೇಕಾದ ಕೆಲಸ. ಝ್ಯಾಪಿಯರ್‌ನಲ್ಲಿ ಅದೇ ಪದ ಶುಲ್ಕದ ಅಳತೆ: ನಮ್ಮ ಪರವಾಗಿ ಅದು ಮಾಡಿ ಮುಗಿಸುವ ಒಂದೊಂದು ಕ್ರಿಯೆಯೂ ಒಂದು ಟಾಸ್ಕ್. ಕೆಲಸ ಮುಗಿಯಿತೆಂದು ಗುರುತು ಹಾಕಿದಾಗ ಸ್ಪ್ರೆಡ್‌ಶೀಟಿಗೆ ಒಂದು ಸಾಲು ಸೇರಿ, ಒಂದು ಮೇಲ್ ಕೂಡ ಹೋಗುವಂತಿದ್ದರೆ ಲೆಕ್ಕ ಎರಡು. ಹೀಗಾಗಿ ‘ಒಂದು ಟಾಸ್ಕ್ ಮುಗಿದರೆ ಎರಡು ಟಾಸ್ಕ್ ಖರ್ಚು’ ಎಂದು ಬರೆದು ನಾನೇ ನಕ್ಕೆ. ಈಗ ಮೊದಲಿನದ್ದು ‘ಕೆಲಸ’, ಎರಡನೆಯದು ‘ಟಾಸ್ಕ್’. ಎರವಲು ಪದ ಇದ್ದದ್ದೇ ಅನುಕೂಲವಾಯಿತು.

‘ಟ್ರಿಗರ್’, ಅಂದರೆ ಈ ಕ್ರಿಯೆಗಳನ್ನು ಶುರು ಮಾಡಿಸುವ ಘಟನೆ (ಇಲ್ಲಿ ಗುರುತು ಹಾಕಿದ್ದು), ಅಷ್ಟು ಸುಲಭಕ್ಕೆ ಬಗ್ಗುತ್ತಿಲ್ಲ. ‘ಪ್ರಚೋದಕ’ ಎಂದರೆ ಯಾರೋ ಗಲಾಟೆಗೆ ಎತ್ತಿಕಟ್ಟಿದ ಹಾಗಿದೆ. ಬಂದೂಕಿಗೆ ‘ಕುದುರೆ’ ಇದೆ, ನಿಜ. ಆದರೆ ‘ಹೊಸ ಕುದುರೆ ಸೇರಿಸಿ’ ಎಂಬ ಗುಂಡಿ ಕಂಡವರು ಲಾಯ ಹುಡುಕಿಯಾರು. ನನಗೆ ಹಿಡಿಸಿದ್ದು ‘ನಿಮಿತ್ತ’. ತಾನೇನೂ ಮಾಡದೆ ಮುಂದಿನದಕ್ಕೆಲ್ಲ ಕಾರಣವಾಗುವಂಥದ್ದು ಅದು. ಝ್ಯಾಪಿಯರ್ ಕೂಡ ಟ್ರಿಗರನ್ನು ಟಾಸ್ಕ್ ಲೆಕ್ಕಕ್ಕೆ ಹಿಡಿಯುವುದಿಲ್ಲ! ತೊಡಕೆಂದರೆ, ‘ಕೆಲಸದ ನಿಮಿತ್ತ ಹೋದೆ’ ಎನ್ನುವಾಗ ಅದಕ್ಕೆ ‘ಸಲುವಾಗಿ’ ಎಂಬ ಅರ್ಥ.

ನಿಜವಾದ ಪ್ರಶ್ನೆ ಇನ್ನೊಂದಿದೆ. ಐಎಫ್‌ಟಿಟಿಟಿ ಎಂಬ ಇಂಥದ್ದೇ ಇನ್ನೊಂದು ಸೇವೆಯ ಹೆಸರು ‘ಇಫ್ ದಿಸ್ ದೆನ್ ದಟ್’ ಎಂಬುದರ ಸಂಕ್ಷೇಪ. ನಮಗೆ ‘ಇಫ್’, ‘ದೆನ್’ ಎರಡರ ಪಾಲಿನದನ್ನೂ ಪಕ್ಷಾರ್ಥಕದ ಒಂದು ‘ರೆ’ ಮಾಡಿಬಿಡುತ್ತದೆ: ಇದಾದರೆ ಅದು. (ಹಳಗನ್ನಡಕ್ಕೆ ‘ಒಡೆ’ ಸಾಕಿತ್ತು.) ಆದರೆ ನಾವು ‘ಮುಗಿದರೆ’, ‘ಮುಗಿದಾಗ’, ‘ಮುಗಿದ ಮೇಲೆ’, ‘ಮುಗಿದ ಕೂಡಲೇ’ ಎಂದೆಲ್ಲ ಬರೆಯುತ್ತೇವಲ್ಲ, ಇವು ಒಂದೇ ಅಲ್ಲ. ಕೆಲಸ ಮುಗಿದ ಸುದ್ದಿ ಝ್ಯಾಪಿಯರ್‌ಗೆ ಮುಟ್ಟುವ ದಾರಿ ಎರಡು: ವೆಬ್‌ಹುಕ್, ಪೋಲಿಂಗ್. ವೆಬ್‌ಹುಕ್ ಇದ್ದರೆ ಆ್ಯಪೇ ಬಂದು ಸುದ್ದಿ ಹೇಳುತ್ತದೆ, ಅಲ್ಲಿ ‘ಕೂಡಲೇ’ ಸರಿ. ಪೋಲಿಂಗ್‌ನಲ್ಲಿ ಝ್ಯಾಪಿಯರೇ ಆಗಾಗ ಹೋಗಿ ವಿಚಾರಿಸಿಕೊಂಡು ಬರಬೇಕು; ಉಚಿತ ಯೋಜನೆಯಲ್ಲಿ ಅದು 15 ನಿಮಿಷಕ್ಕೊಮ್ಮೆ. ಅಲ್ಲಿ ‘ಕೂಡಲೇ’ ಎಂದು ಬರೆದರೆ, ಓದಿದವರು ಗುರುತು ಹಾಕಿ ಶೀಟನ್ನೇ ನೋಡುತ್ತ ಕೂರುತ್ತಾರೆ, ಏನೂ ಬರದಿದ್ದಾಗ ಜೋಡಣೆ ಕೆಟ್ಟಿದೆ ಎಂದುಕೊಂಡು ಮತ್ತೆ ಮೊದಲಿಂದ ಶುರು ಮಾಡುತ್ತಾರೆ.

ಹಾಗಾಗಿ ವೆಬ್‌ಹುಕ್‌ಗೆ ‘ಕೂಡಲೇ’, ಪೋಲಿಂಗ್‌ಗೆ ‘ಮೇಲೆ’ ಎಂದು ಇಟ್ಟುಕೊಂಡಿದ್ದೇನೆ. ‘ಮುಗಿದ ಮೇಲೆ ಸಾಲು ಸೇರುತ್ತದೆ’ ಎಂದಾಗ ನಿಮ್ಮ ಕಿವಿಗೆ ತುಸು ತಡದ ಸುಳಿವು ಸಿಗುತ್ತದೆಯೇ? ಅಥವಾ ‘ಸ್ವಲ್ಪ ಹೊತ್ತಿಗೆ’ ಎಂದು ಬಿಡಿಸಿಯೇ ಹೇಳಬೇಕೆ?

ಪೋಲಿಂಗ್‌ಗೂ ಒಂದು ಪದ ಬೇಕು. ‘ವಿಚಾರಣೆ’ ಎಂದರೆ ಕಟಕಟೆ ಕಾಣುತ್ತದೆ.